ಅಪ್ಪನಿಗೆ ಪಿಎಸ್‌ಎ 14: ಪಿಎಸ್‌ಎಂಎ ಪೆಟ್ ಸ್ಕ್ಯಾನ್ ಬೇಕೇ ಬೇಕಾ? ಅನುಭವ ಹೇಳಿ

ಹಾಸನದ ಮಗಳು: ಅಪ್ಪನಿಗೆ 68. ಪ್ರಾಸ್ಟೇಟ್ ಕ್ಯಾನ್ಸರ್. ರಕ್ತ ಪರೀಕ್ಷೆಯ ಪಿಎಸ್‌ಎ 14, ಬಯಾಪ್ಸಿಯಲ್ಲಿ ಕ್ಯಾನ್ಸರ್ ಎಷ್ಟು ಜೋರಿದೆ ಅಂತ ಹೇಳುವ ಗ್ಲೀಸನ್ ಅಂಕ 4+3. ಎಂಆರ್‌ಐ ಆಗಿದೆ. ಆಪರೇಷನ್‌ಗೆ ಮುಂಚೆ, ಕ್ಯಾನ್ಸರ್ ಬೇರೆ ಕಡೆ ಹರಡಿದೆಯಾ ಅಂತ ನೋಡುವ ಪಿಎಸ್‌ಎಂಎ ಪೆಟ್ ಮಾಡಿಸಿ ಅಂತಾರೆ ಡಾಕ್ಟರು. ಮತ್ತೆ ಅಷ್ಟು ದುಡ್ಡು ಹಾಕಬೇಕಾ?

ದಾವಣಗೆರೆ: ನಾವು ಮಾಡಿಸಲಿಲ್ಲ. 2021ರಲ್ಲಿ ನಮ್ಮ ಅಪ್ಪನಿಗೆ ಸಿಟಿ, ಮೂಳೆ ಸ್ಕ್ಯಾನ್ ಎರಡರಲ್ಲೂ ಏನೂ ಕಾಣಲಿಲ್ಲ. ಪ್ರಾಸ್ಟೇಟ್ ತೆಗೆಯುವ ರೋಬೋಟ್ ಆಪರೇಷನ್‌ಗೆ 4 ಲಕ್ಷ 60 ಸಾವಿರ. ಇನ್ಶೂರೆನ್ಸ್‌ನಿಂದ ಬಂದಿದ್ದು 3 ಲಕ್ಷ. ಹನ್ನೊಂದು ದಿನ ಕ್ಯಾಥೆಟರ್, ಆಮೇಲೆ ಏಳು ತಿಂಗಳು ಡೈಪರ್. ಹತ್ತರ ಪ್ಯಾಕೆಟ್ 480 ರೂಪಾಯಿ, ಮೂರೇ ದಿನಕ್ಕೆ ಖಾಲಿ. ಇಷ್ಟಾದ ಮೇಲೆ ಪಿಎಸ್‌ಎ ಸೊನ್ನೆ ಹತ್ತಿರ ಬರಬೇಕು, ಅಲ್ವಾ? ಆರು ವಾರಕ್ಕೆ 0.9! ಆಗ ಪೆಟ್ ಮಾಡಿಸಿದೆವು. ಸೊಂಟದ ಎರಡು ಲಿಂಫ್ ಗಂಟುಗಳು ಹೊಳೆಯುತ್ತಿದ್ದವು. ಅಪ್ಪ ಫಿಲ್ಮನ್ನು ಕಿಟಕಿಗೆ ಹಿಡಿದು, "ಈ ಚುಕ್ಕೆ ಆಗಲೂ ಇತ್ತೇನೋ?" ಅಂದರು. ಆ 24,000 ಮೊದಲೇ ಕೊಡಲಿಲ್ಲವಲ್ಲ ಅನ್ನೋ ಸಂಕಟ ಇವತ್ತಿಗೂ ಹೋಗಿಲ್ಲ.

ಮೈಸೂರು: ನೋಡಮ್ಮ, ನನಗೆ 71. ನಾನು ಆಪರೇಷನ್ನೂ ಮಾಡಿಸಿಲ್ಲ, ಪೆಟ್ ಸ್ಕ್ಯಾನೂ ಇಲ್ಲ. ಗ್ಲೀಸನ್ 3+3, ಅಂದರೆ ಕಡಿಮೆ ಜೋರಿನದು. ಆರು ತಿಂಗಳಿಗೊಮ್ಮೆ ಪಿಎಸ್‌ಎ, ವರ್ಷಕ್ಕೊಮ್ಮೆ ಎಂಆರ್‌ಐ, ಎರಡು ಸಲ ಬಯಾಪ್ಸಿ. ನಾಲ್ಕು ವರ್ಷವಾಯಿತು, ದಿನಾ ಐದು ಕಿಲೋಮೀಟರ್ ನಡೆಯುತ್ತೇನೆ. ಬ್ರಿಟನ್ನಿನ ಪ್ರೊಟೆಕ್ಟ್ ಅಧ್ಯಯನದಲ್ಲಿ 1,643 ಜನರನ್ನು 15 ವರ್ಷ ನೋಡಿದರು. ಆಪರೇಷನ್, ರೇಡಿಯೇಷನ್, ಬರೀ ನಿಗಾ, ಯಾವ ಗುಂಪಲ್ಲೂ ಈ ಕ್ಯಾನ್ಸರ್‌ನಿಂದ ಸತ್ತವರು ನೂರಕ್ಕೆ ಮೂರರ ಆಸುಪಾಸು. ಎಲ್ಲರೂ ಕತ್ತರಿಗೆ ಓಡುವುದು ಯಾಕೆ?

ದಾವಣಗೆರೆ: ಸರ್, ಇಲ್ಲಿ ಕೇಳಿರುವುದು 4+3 ಬಗ್ಗೆ. ಅದೇ ಅಧ್ಯಯನದಲ್ಲಿ ಬೇರೆ ಕಡೆಗೆ ಹರಡಿದ್ದು ನಿಗಾ ಗುಂಪಲ್ಲಿ ನೂರಕ್ಕೆ 9, ಆಪರೇಷನ್ ಗುಂಪಲ್ಲಿ 5. ಅದನ್ನು ಯಾಕೆ ಬಿಟ್ಟಿರಿ?

ಮೈಸೂರು: ಹರಡುವುದು ಬೇರೆ, ಸಾಯುವುದು ಬೇರೆ. ನಿಮ್ಮ ಮನೆಯ ನೋವನ್ನು ನನ್ನ ಮೇಲೆ ತೀರಿಸಬೇಡಿ.

ಹುಬ್ಬಳ್ಳಿ: ಪೆಟ್ ಮಾಡಿಸಿದವರ ಕಥೆ ಕೇಳಿ. ಮಾವನವರನ್ನು ಬೆಂಗಳೂರಿಗೆ ಕರೆದುಕೊಂಡು ಹೋದರೆ ಸ್ಕ್ಯಾನ್‌ಗೆ ಮುಂಚೆ ಚುಚ್ಚುವ ವಿಕಿರಣ ವಸ್ತು ಗ್ಯಾಲಿಯಂ ಇವತ್ತು ಸಿಗಲ್ಲ ಅಂದರು. ಅದು 68 ನಿಮಿಷಕ್ಕೆ ಅರ್ಧವಾಗುತ್ತದೆ, ತಂದು ಇಟ್ಟುಕೊಳ್ಳುವ ಹಾಗಿಲ್ಲ. ಲಾಡ್ಜ್‌ಗೆ ದಿನಕ್ಕೆ 1,400, ಎರಡು ರಾತ್ರಿ. ಕೊನೆಗೆ ರಿಪೋರ್ಟಲ್ಲಿ ಪಕ್ಕೆಲುಬಿನ ಮೇಲೊಂದು ಚುಕ್ಕೆ. ಮನೆಯವರೆಲ್ಲ ಎರಡು ವಾರ ನಿದ್ದೆ ಮಾಡಲಿಲ್ಲ. ಮೂಳೆ ಬಯಾಪ್ಸಿಗೆ 18,000. ಕ್ಯಾನ್ಸರೇ ಅಲ್ಲ!

ದಾವಣಗೆರೆ: 2020ರಲ್ಲಿ ಬಂದ ಆಸ್ಟ್ರೇಲಿಯಾದ ಪ್ರೊಪಿಎಸ್‌ಎಂಎ ಅಧ್ಯಯನ ಓದಿ. 302 ಜನ. ಪೆಟ್ ನಿಖರತೆ ನೂರಕ್ಕೆ 92, ಸಿಟಿ ಮತ್ತು ಮೂಳೆ ಸ್ಕ್ಯಾನ್ ಸೇರಿ 65. ಒಂದು ಪಕ್ಕೆಲುಬು ತೋರಿಸಿ ಜನರನ್ನು ತಡೆಯಬೇಡಿ.

ಹುಬ್ಬಳ್ಳಿ: ತಡೆದೆ ಅಂತ ಎಲ್ಲಿ ಬರೆದಿದ್ದೇನೆ? ಪೂರ್ತಿ ಓದಿ. ಸುಮ್ನೆ ಮೈಮೇಲೆ ಬರಬೇಡಿ.

ಮಂಗಳೂರು: ಜಗಳ ಆಮೇಲೆ ಮಾಡಿ. ನಮ್ಮ ದೊಡ್ಡಪ್ಪ ಮೂತ್ರದ ತೊಂದರೆಗೆ ಫಿನಾಸ್ಟರೈಡ್ ತೆಗೆದುಕೊಳ್ಳುತ್ತಿದ್ದರು. ಆ ಜಾತಿಯ ಮಾತ್ರೆ ಆರು ತಿಂಗಳು ನುಂಗಿದರೆ ಪಿಎಸ್‌ಎ ಹೆಚ್ಚುಕಮ್ಮಿ ಅರ್ಧಕ್ಕೆ ಇಳಿಯುತ್ತದೆ. ನಮಗೆ 4 ಕಾಣುತ್ತಿತ್ತು, ನಿಜಕ್ಕೆ 8 ಅಂತ ಲೆಕ್ಕ ಹಾಕಬೇಕಿತ್ತು. ಒಂದೂವರೆ ವರ್ಷ ಯಾರೂ ಕೇಳಲೇ ಇಲ್ಲ. ತಂಗೀ, ನಿಮ್ಮ ಅಪ್ಪ ಅಂಥ ಮಾತ್ರೆ ಏನಾದರೂ ತೆಗೆದುಕೊಳ್ಳುತ್ತಾರಾ?

ಹಾಸನದ ಮಗಳು: ಎರಡು ವರ್ಷದಿಂದ ರಾತ್ರಿ ಒಂದು ಮಾತ್ರೆ ಇದೆ. ಈಗಷ್ಟೇ ಸ್ಟ್ರಿಪ್ ತಿರುಗಿಸಿ ನೋಡಿದೆ. ಟ್ಯಾಮ್ಸುಲೋಸಿನ್, ಪಕ್ಕದಲ್ಲೇ ಡ್ಯುಟಾಸ್ಟರೈಡ್ ಅಂತಿದೆ. ಇದೂ ಅದೇ ಜಾತಿಯಾ?

ಮಂಗಳೂರು: ಡ್ಯುಟಾಸ್ಟರೈಡ್ ಅದೇ ಜಾತಿ. ಸ್ಟ್ರಿಪ್ ಕೈಯಲ್ಲಿ ಹಿಡಿದುಕೊಂಡೇ ನಾಳೆ ಡಾಕ್ಟರ ಹತ್ತಿರ ಹೋಗಿ.