ಚಾರ್ಲ್ಸ್‌ಟನ್ ಸಮೀಪ ಟ್ರಾವೆಲ್ ಟ್ರೇಲರ್‌ನಲ್ಲಿ ಹಿರಿಯರೊಂದಿಗೆ ತಂಗಬಹುದೇ?

ತುಂಗಾತೀರ (ಷಾರ್ಲಟ್):
ಎಲ್ಲರಿಗೂ ನಮಸ್ಕಾರ. ಶಿವಮೊಗ್ಗದಿಂದ ಬಂದಿರುವ ನನ್ನ ತಂದೆ-ತಾಯಿಯವರನ್ನು ಸೌತ್ ಕ್ಯಾರೊಲೈನಾದ ಚಾರ್ಲ್ಸ್‌ಟನ್‌ಗೆ ಕರೆದೊಯ್ಯುವ ಯೋಚನೆಯಿದೆ. ಹಳೆಯ ಊರಿನೊಳಗಿನ ಹೋಟೆಲುಗಳ ಬಾಡಿಗೆ ದುಬಾರಿ. ಮೇಲಾಗಿ ತಾಯಿಯವರು ಹೊರಗಿನ ಊಟ ಮಾಡುವುದಿಲ್ಲವಾದ್ದರಿಂದ ಅಡುಗೆಗೆ ಅನುಕೂಲವಿರುವ ಜಾಗವೇ ಬೇಕು. ಹಾಗಾಗಿ ಟ್ರಾವೆಲ್ ಟ್ರೇಲರ್ (ವಾಹನದ ಹಿಂದೆ ಕಟ್ಟಿ ಎಳೆಯುವ, ಹಾಸಿಗೆ-ಅಡುಗೆಯ ಅನುಕೂಲವುಳ್ಳ ಚಕ್ರದ ಮನೆ) ಆದೀತೇ ಎಂದು ಯೋಚಿಸುತ್ತಿದ್ದೇವೆ. ಆದರೆ ನಮ್ಮಲ್ಲಿ ಅದನ್ನು ಎಳೆಯುವ ವಾಹನವಿಲ್ಲ. ಮಾಲೀಕರೇ ತಂದು ನಿಲ್ಲಿಸಿ, ಕೊನೆಗೆ ಅವರೇ ಒಯ್ಯುವ ಬಾಡಿಗೆ ಟ್ರೇಲರ್ ಒಂದನ್ನು ಜೇಮ್ಸ್ ಐಲ್ಯಾಂಡ್ ಕೌಂಟಿ ಪಾರ್ಕಿನ ಕ್ಯಾಂಪ್‌ಗ್ರೌಂಡಿನಲ್ಲಿ ತೆಗೆದುಕೊಳ್ಳಬಹುದೇ? ತಂದೆಯವರಿಗೆ ಮೊಣಕಾಲು ನೋವಿದೆ. ಸೆಪ್ಟೆಂಬರ್ ಎರಡನೆಯ ವಾರ ಅಥವಾ ಅಕ್ಟೋಬರ್ ಕೊನೆ, ಇವೆರಡರಲ್ಲಿ ಯಾವುದು ಉತ್ತಮ?

ಗಾಲಿಮನೆ:
ತೆಗೆದುಕೊಳ್ಳಬಹುದು, ಆದರೆ ಅಕ್ಟೋಬರ್ ಕೊನೆಯಲ್ಲಿ. ಅಟ್ಲಾಂಟಿಕ್ ಚಂಡಮಾರುತದ ಋತು ಜೂನ್ 1ರಿಂದ ನವೆಂಬರ್ 30ರವರೆಗೆ ಇದ್ದರೂ ಅದರ ಉತ್ಕರ್ಷ ತಾವು ಹೇಳಿದ ಸೆಪ್ಟೆಂಬರ್ ಎರಡನೆಯ ವಾರದ ಆಸುಪಾಸಿನಲ್ಲೇ ಬೀಳುತ್ತದೆ. 1989ರಲ್ಲಿ ಹ್ಯೂಗೋ ಚಂಡಮಾರುತ ಈ ಕರಾವಳಿಯನ್ನು ಅಪ್ಪಳಿಸಿದ್ದೂ ಸೆಪ್ಟೆಂಬರಿನಲ್ಲಿಯೇ. ಬಿರುಗಾಳಿಗೆ ಟ್ರೇಲರ್ ಆಶ್ರಯವಲ್ಲ. ತೆರವಿಗೆ ಆದೇಶ ಬಂದರೆ ಅದನ್ನು ಮಾಲೀಕರಿಗೆ ಒಪ್ಪಿಸಿ ಹೊರಡಬೇಕಾಗುತ್ತದೆ. ಆದ್ದರಿಂದ ಹಣ ಮರಳಿಸುವ ಷರತ್ತನ್ನು ಮೊದಲೇ ಓದಿಕೊಳ್ಳಿ. ಹೊರಗಿನವರು ಬಾಡಿಗೆಯ ಟ್ರೇಲರ್ ತಂದು ನಿಲ್ಲಿಸಲು ಎಲ್ಲ ಕ್ಯಾಂಪ್‌ಗ್ರೌಂಡುಗಳೂ ಒಪ್ಪುವುದಿಲ್ಲ. ಮುಂಗಡ ಕೊಡುವ ಮೊದಲು ಪಾರ್ಕಿನ ಕಚೇರಿಗೇ ಕರೆಮಾಡಿ ಕೇಳುವುದು ಲೇಸು.

ಇನ್ನು ಟ್ರೇಲರಿನ ಆಯ್ಕೆ. ಚಿತ್ರಗಳಲ್ಲಿ ಎಲ್ಲವೂ ಸುಂದರವಾಗಿಯೇ ಕಾಣುತ್ತದೆ (ಒಳಗಿನ ಅಗಲವನ್ನು ಹಿಗ್ಗಿಸಿ ತೋರಿಸುವ ಛಾಯಾಗ್ರಹಣದ ಕಲೆ ಈ ವ್ಯಾಪಾರದಲ್ಲಿ ಚೆನ್ನಾಗಿ ಬೆಳೆದಿದೆ), ಆದ್ದರಿಂದ ನೆಲದ ನಕ್ಷೆಯನ್ನು ಕೇಳಿ ಪಡೆಯಿರಿ. ಚಿಕ್ಕ ಟ್ರೇಲರ್‌ಗಳಲ್ಲಿ ದೊಡ್ಡ ಹಾಸಿಗೆ ಮೂಲೆಗೆ ಅಂಟಿಕೊಂಡಿರುತ್ತದೆ. ಒಳಬದಿಯಲ್ಲಿ ಮಲಗಿದವರು ರಾತ್ರಿ ಎದ್ದರೆ ಇನ್ನೊಬ್ಬರನ್ನು ದಾಟಿಯೇ ಇಳಿಯಬೇಕು. ಎರಡೂ ಬದಿಯಲ್ಲಿ ಓಡಾಡಲು ಜಾಗವಿರುವ ಹಾಸಿಗೆಯನ್ನೇ ಹಿರಿಯರಿಗೆ ಕೊಡಿ, ಊಟದ ಮೇಜನ್ನು ಮಡಿಸಿ ಮಾಡುವ ಹಾಸಿಗೆಯಲ್ಲಿ ತಾವು ಮಲಗಿ. ಬಾಗಿಲ ಮೆಟ್ಟಿಲು ಎತ್ತರವಾಗಿರುತ್ತದೆ. ಹಿಡಿಕೆಯಿದೆಯೇ ಎಂದು ವಿಚಾರಿಸಿ.

ವಿದ್ಯುತ್ತು, ನೀರು, ಒಳಚರಂಡಿ ಮೂರೂ ಸಿಗುವ ಫುಲ್ ಹುಕಪ್ ಜಾಗವನ್ನೇ ಕಾಯ್ದಿರಿಸಿ. ಸಾಧಾರಣ ಟ್ರೇಲರ್ 30 ಆಂಪಿಯರಿನದು. 120 ವೋಲ್ಟಿನಲ್ಲಿ ಒಟ್ಟು 3,600 ವಾಟ್ ಮಾತ್ರ. ಏಸಿ ಓಡುತ್ತಿರುವಾಗ 1,800 ವಾಟಿನ ಇಂಡಕ್ಷನ್ ಒಲೆಯನ್ನೂ ರೈಸ್ ಕುಕ್ಕರನ್ನೂ ಒಟ್ಟಿಗೆ ಹಚ್ಚಿದರೆ ಬ್ರೇಕರ್ ಬೀಳುವುದು ಖಚಿತ. ಅನ್ನ-ಸಾರಿಗೆ ಒಳಗಿನ ಗ್ಯಾಸ್ ಒಲೆಯನ್ನೇ ಬಳಸಿ. ಒಗ್ಗರಣೆಯ ಸಮಯದಲ್ಲಿ ಛಾವಣಿಯ ಫ್ಯಾನ್ ತೆರೆದಿಡದಿದ್ದರೆ ಹೊಗೆ ಪತ್ತೆ ಮಾಡುವ ಅಲಾರಂ ಕೂಗಿಕೊಳ್ಳುತ್ತದೆ. ಬಿಸಿನೀರಿನ ಹಂಡೆ ಬಹಳ ಗಾಡಿಗಳಲ್ಲಿ 6 ಗ್ಯಾಲನ್, ಅಂದರೆ ಸುಮಾರು 23 ಲೀಟರ್. ಒಬ್ಬರ ಸ್ನಾನವಾದ ಮೇಲೆ ನೀರು ಮತ್ತೆ ಕಾಯಲು ಬಿಡಬೇಕು. ಶೌಚದ ಟ್ಯಾಂಕಿನ ಕವಾಟವನ್ನು ಮಾತ್ರ, ಒಳಚರಂಡಿಯ ಕೊಳವೆ ಜೋಡಿಸಿದ್ದರೂ, ತುಂಬುವವರೆಗೆ ಮುಚ್ಚಿಯೇ ಇಡಬೇಕು. ತೆರೆದಿಟ್ಟರೆ ನೀರು ಹರಿದುಹೋಗಿ ಗಟ್ಟಿ ಭಾಗ ತಳದಲ್ಲಿ ಉಳಿಯುತ್ತದೆ.

ಕರಾವಳಿಯವ:
ನನ್ನ ಅಭಿಪ್ರಾಯ ಬೇರೆ. ಮೊಣಕಾಲು ನೋವಿರುವವರಿಗೆ ಪಕ್ಕದ ಊರುಗಳಾದ ನಾರ್ತ್ ಚಾರ್ಲ್ಸ್‌ಟನ್ ಅಥವಾ ಮೌಂಟ್ ಪ್ಲೆಸೆಂಟಿನಲ್ಲಿ ಅಡುಗೆಕೋಣೆಯುಳ್ಳ, ಲಿಫ್ಟ್ ಇರುವ ಹೋಟೆಲೇ ವಾಸಿ. ಟ್ರೇಲರಿನ ಬಾಡಿಗೆ, ತಂದು ನಿಲ್ಲಿಸುವ ಶುಲ್ಕ, ಸ್ವಚ್ಛತೆಯ ಶುಲ್ಕ ಮತ್ತು ಜಾಗದ ಬಾಡಿಗೆ ಎಲ್ಲವನ್ನೂ ಕೂಡಿ ನೋಡಿದರೆ ಉಳಿತಾಯ ಅಷ್ಟೇನೂ ಇರುವುದಿಲ್ಲ. ಉಪ್ಪುನೀರಿನ ಜವುಗು ಪ್ರದೇಶವಾದ್ದರಿಂದ ಕಣ್ಣಿಗೆ ಕಾಣದಷ್ಟು ಚಿಕ್ಕ ಕಚ್ಚುವ ಹುಳುಗಳ ಕಾಟವೂ ಇದೆ. ವಸಂತದಲ್ಲಿಯೂ ಶರತ್ಕಾಲದಲ್ಲಿಯೂ ಅವು ಹೆಚ್ಚು. ಗಾಳಿಯಿಲ್ಲದ ಮುಂಜಾವು-ಮುಸ್ಸಂಜೆಗಳಲ್ಲಿ ಸಾಮಾನ್ಯ ಸೊಳ್ಳೆಪರದೆಯ ಕಿಂಡಿಯನ್ನೂ ದಾಟಿ ಬರುತ್ತವೆ. ಹೊರಗೆ ಕುಳಿತುಕೊಳ್ಳುವುದಾದರೆ ಪಕ್ಕದಲ್ಲೊಂದು ಟೇಬಲ್ ಫ್ಯಾನ್ ಇರಲಿ.

ಗಾಲಿಮನೆ:
ಶುಲ್ಕಗಳ ಮಾತು ನಿಜ, ಉಳಿತಾಯಕ್ಕಾಗಿಯೇ ಹೊರಟವರಿಗೆ ನಾನೂ ಅದನ್ನೇ ಹೇಳುತ್ತೇನೆ. ಆದರೆ ಇವರು ಕೇಳುತ್ತಿರುವುದು ತಾಯಿಯವರು ತಮ್ಮ ಪಾತ್ರೆಯಲ್ಲಿ ತಾವೇ ಅಡುಗೆ ಮಾಡಿಕೊಂಡು, ಸಂಜೆ ಓಕ್ ಮರದ ನೆರಳಿನಲ್ಲಿ ಕುರ್ಚಿ ಹಾಕಿಕೊಳ್ಳುವಂಥ ಜಾಗವನ್ನು.

ಹಂಚಿನಮನೆ:
ನೋಡುವ ಸ್ಥಳಗಳ ಬಗ್ಗೆ ಒಂದೆರಡು ಮಾತು. ಜೇಮ್ಸ್ ಐಲ್ಯಾಂಡಿನಲ್ಲಿಯೇ ಮಕ್‌ಲೌಡ್ ಪ್ಲಾಂಟೇಶನ್ ಇದೆ. 1851ರಲ್ಲಿ ಸ್ಥಾಪನೆಯಾದ ಈ ಹತ್ತಿಯ ತೋಟದಲ್ಲಿ ಗುಲಾಮರ ಗುಡಿಸಲುಗಳ ಸಾಲು ಇಂದಿಗೂ ನಿಂತಿದ್ದು, ಅಲ್ಲಿನ ಮಾರ್ಗದರ್ಶಕರು ಯಜಮಾನರ ವೈಭವಕ್ಕಿಂತ ದುಡಿದವರ ಬದುಕನ್ನೇ ಮುಂದಿಟ್ಟು ವಿವರಿಸುತ್ತಾರೆ. ಊರೊಳಗೆ 2023ರಲ್ಲಿ ತೆರೆದ ಅಂತರರಾಷ್ಟ್ರೀಯ ಆಫ್ರಿಕನ್ ಅಮೆರಿಕನ್ ವಸ್ತುಸಂಗ್ರಹಾಲಯವನ್ನು ಗುಲಾಮರನ್ನು ಹಡಗಿನಿಂದ ಇಳಿಸುತ್ತಿದ್ದ ಗ್ಯಾಡ್ಸ್‌ಡೆನ್ಸ್ ವಾರ್ಫ್ ಜಾಗದಲ್ಲಿಯೇ ಕಟ್ಟಿದ್ದಾರೆ. ಇವೆರಡನ್ನೂ ಬಿಟ್ಟು ಹಳೆಯ ಊರಿನ ಬಣ್ಣದ ಮನೆಗಳನ್ನಷ್ಟೇ ನೋಡಿ ಬಂದರೆ, ಆ ಮನೆಗಳನ್ನು ಕಟ್ಟಿಸಿದ ಸಂಪತ್ತು ಎಲ್ಲಿಂದ ಬಂತೆಂಬುದು ತಿಳಿಯುವುದಿಲ್ಲ. 1861ರ ಏಪ್ರಿಲ್ 12ರಂದು ಅಮೆರಿಕದ ಅಂತರ್ಯುದ್ಧದ ಮೊದಲ ಗುಂಡಿನ ದಾಳಿಗೆ ಗುರಿಯಾದ ಫೋರ್ಟ್ ಸಮ್ಟರ್ ಕೋಟೆಗೆ ದೋಣಿಯಲ್ಲಿ ಹೋಗಬೇಕು. ಕೋಟೆಯಲ್ಲಿ ಮೆಟ್ಟಿಲುಗಳಿವೆ, ತಂದೆಯವರು ಕೆಳಗಿನ ಅಂಗಳದಲ್ಲಿಯೇ ಇರಬಹುದು. ಜಾನ್ಸ್ ಐಲ್ಯಾಂಡಿನ ಏಂಜೆಲ್ ಓಕ್ ಮರವನ್ನು ಹೆಚ್ಚು ನಡೆಯದೆ ನೋಡಬಹುದು, ಪ್ರವೇಶ ಉಚಿತ. ಹಳೆಯ ಊರಿನಲ್ಲಿ ಡ್ಯಾಶ್ ಎಂಬ ಉಚಿತ ಬಸ್ಸುಗಳು ಓಡುತ್ತವೆ.

ತುಂಗಾತೀರ:
ಎಲ್ಲರಿಗೂ ಧನ್ಯವಾದಗಳು. ಅಕ್ಟೋಬರ್ ಕೊನೆಯೆಂದೇ ನಿರ್ಧರಿಸಿದ್ದೇವೆ. ಆಗ ಮಳೆಯಿಲ್ಲದಿದ್ದರೂ ರಸ್ತೆಗಳಲ್ಲಿ ನೀರು ನಿಲ್ಲುತ್ತದೆಂದು ಕೇಳಿದೆ, ಹೌದೇ?

ಗಾಲಿಮನೆ:
ಹೌದು, ಶರತ್ಕಾಲದ ಅಮಾವಾಸ್ಯೆ-ಹುಣ್ಣಿಮೆಗಳ ಆಸುಪಾಸಿನಲ್ಲಿ. ಚಾರ್ಲ್ಸ್‌ಟನ್ ಬಂದರಿನ ಉಬ್ಬರ 7 ಅಡಿ ಮುಟ್ಟಿದರೆ ತಗ್ಗಿನ ಬೀದಿಗಳಿಗೆ ಉಪ್ಪುನೀರು ನುಗ್ಗಲಾರಂಭಿಸುತ್ತದೆ. ಹೊರಡುವ ದಿನ ಬೆಳಿಗ್ಗೆ ಉಬ್ಬರದ ವೇಳಾಪಟ್ಟಿ ನೋಡಿಕೊಂಡು, ನೀರು ಏರಿರುವ ಹೊತ್ತಿನಲ್ಲಿ ವಸ್ತುಸಂಗ್ರಹಾಲಯದೊಳಗೆ ಇರುವಂತೆ ಹೊಂದಿಸಿಕೊಳ್ಳಿ. ಕಾರನ್ನು ತಗ್ಗಿನ ಬೀದಿಯಲ್ಲಿ ನಿಲ್ಲಿಸದೆ ಬಹುಮಹಡಿ ಪಾರ್ಕಿಂಗ್ ಕಟ್ಟಡದ ಮೇಲಿನ ಅಂತಸ್ತಿಗೆ ಒಯ್ಯಿರಿ.