ಅಕ್ಕನ ಹಿತ್ತಲ ಹೊಂಡಕ್ಕೆ: ಭಾನುವಾರ ಖಾಲಿ ಮಾಡುವ ಮುಂಚೆ ಇದನ್ನು ಓದಿ

ಅಕ್ಕ, ಫೋಟೋ ನೋಡಿದೆ. ಸಿಂಧನೂರಿನ ಬಿಸಿಲು, ಮೇಲೆ ನೆರಳಿಲ್ಲದ ಮೀನಿನ ಹೊಂಡ, ನೀರು ಹಸಿರಾಗದೆ ಇನ್ನೇನಾಗುತ್ತದೆ ಹೇಳು. ಬೆಳಿಗ್ಗೆಯಿಂದ ಗ್ರೂಪಿನಲ್ಲಿ ಒಬ್ಬೊಬ್ಬರದು ಒಂದೊಂದು ಮದ್ದು. ಕಾಕಾ ಬ್ಲೀಚಿಂಗ್ ಪೌಡರ್ ಅಂದರು, ತಮ್ಮ ಪಟಿಕ ಅಂದ, ಭಾವ ಮೈಲುತುತ್ತ ಚಿಟಿಕೆ ಹಾಕೋಣವೇ ಅಂತ ಕೇಳಿದ್ದಾರೆ, ನೀನು ಭಾನುವಾರ ಪೂರ್ತಿ ಖಾಲಿ ಮಾಡಿ ತಿಕ್ಕಿ ತೊಳೆಯುತ್ತೇನೆ ಅಂತಿದ್ದೀಯ. ನಾಲ್ಕೂ ಬೇಡ. ವಾಯ್ಸ್ ಕಳಿಸಿದರೆ ಯಾರೂ ಕೊನೆತನಕ ಕೇಳಲ್ಲ, ಅದಕ್ಕೇ ಬಾಯಲ್ಲಿ ಹೇಳಿದ ಹಾಗೆ ಟೈಪ್ ಮಾಡುತ್ತಿದ್ದೇನೆ. ಉದ್ದ ಆಗುತ್ತದೆ, ಚಹಾ ಇಟ್ಟುಕೊಂಡು ಓದಿ.

ಮೊದಲು ಗಾಜಿನ ಲೋಟದಲ್ಲಿ ಹೊಂಡದ ನೀರು ತುಂಬಿ, ಹಿಂದೆ ಬಿಳಿ ಹಾಳೆ ಇಟ್ಟು ಎರಡು ತಾಸು ಬಿಡು. ಮಣ್ಣಿನ ರಾಡಿ ಆಗಿದ್ದರೆ ತಳಕ್ಕೆ ಕೂತು ಮೇಲೆ ತಿಳಿ ನೀರು ಕಾಣುತ್ತದೆ. ಹಸಿರು ಹಾಗೇ ನಿಂತಿದ್ದರೆ ಅದು ತೇಲುವ ಪಾಚಿ. ಒಂದೊಂದು ಕಣ ಕಣ್ಣಿಗೆ ಕಾಣದಷ್ಟು ಸಣ್ಣದು, ಧೋತ್ರದ ಬಟ್ಟೆ ನಾಲ್ಕು ಮಡಿಕೆ ಮಾಡಿ ಸೋಸಿದರೂ ದಾಟಿ ಹೋಗುತ್ತದೆ. ನಿನ್ನ ಫೋಟೋದಲ್ಲಿರುವುದು ಇದೇ ಅಂತ ನನಗೆ ಅನ್ನಿಸುತ್ತದೆ. ನೀರಿನ ಮೇಲೆ ಪೇಂಟ್ ಚೆಲ್ಲಿದ ಹಾಗೆ ನೀಲಿ-ಹಸಿರು ಪೊರೆ ಕಟ್ಟಿ ಕೆಟ್ಟ ವಾಸನೆ ಬರುತ್ತಿದ್ದರೆ ಮಾತ್ರ ಬೇರೆ ವಿಷಯ. ಆ ನೀಲಿ-ಹಸಿರು ಪಾಚಿಯಲ್ಲಿ ಕೆಲವು ಜಾತಿ ವಿಷ ಬಿಡುತ್ತವೆ. ಹಾಗಿದ್ದರೆ ನಾಯಿ, ದನ ಆ ನೀರು ಕುಡಿಯದಂತೆ ನೋಡಿಕೊಳ್ಳಿ, ಮಕ್ಕಳು ಕೈ ಹಾಕುವುದೂ ಬೇಡ.

ಬರೀ ಹಸಿರು ನೀರು ಅಂದರೆ ಮೀನಿಗೆ ವಿಷ ಅಲ್ಲ. ಕೃಷಿ ಹೊಂಡದಲ್ಲಿ ಕಾಟ್ಲಾ, ರೋಹು ಬಿಡುವವರು ಬೇಕಂತಲೇ ನೀರನ್ನು ತಿಳಿ ಹಸಿರು ಮಾಡಿಕೊಳ್ಳುತ್ತಾರೆ. ನೀರಿಗೆ ಕೈ ಇಳಿಸಿ, ಮೊಣಕೈ ಹತ್ತಿರ ಮುಳುಗುವಾಗ ಬೆರಳು ಮಸುಕಾದರೆ ಸರಿ ಇದೆ ಅಂತಾರೆ. ನಿನ್ನ ಹೊಂಡದಲ್ಲಿ ಮಣಿಕಟ್ಟು ಮುಳುಗುವಷ್ಟರಲ್ಲೇ ಬೆರಳು ಕಾಣದಿದ್ದರೆ ಪಾಚಿ ಅತಿಯಾಗಿದೆ ಅಂತ ಅರ್ಥ.

ಅತಿಯಾದರೆ ಏನಾಗುತ್ತದೆ ಅಂದರೆ, ಹಗಲು ಬಿಸಿಲಿನಲ್ಲಿ ಪಾಚಿ ಆಮ್ಲಜನಕ ಬಿಡುತ್ತದೆ. ರಾತ್ರಿ ಅದೂ ಉಸಿರಾಡುತ್ತದೆ, ಮೀನಿನ ಪಾಲಿನದ್ದನ್ನೇ ಎಳೆದುಕೊಳ್ಳುತ್ತದೆ. ನಮ್ಮ ಕಡೆ ಬೇಸಿಗೆಯಲ್ಲಿ ನೀರು ಬಿಸಿ ಬೇರೆ. 20 ಡಿಗ್ರಿ ನೀರು ಲೀಟರಿಗೆ ಹೆಚ್ಚೆಂದರೆ 9 ಮಿಲಿಗ್ರಾಂ ಆಮ್ಲಜನಕ ಹಿಡಿದಿಟ್ಟುಕೊಂಡರೆ, 35 ಡಿಗ್ರಿ ನೀರಿನಲ್ಲಿ ಸುಮಾರು 7 ಅಷ್ಟೇ. ಹಾಗಾಗಿ ಹೊತ್ತು ಮೂಡುವ ಮುಂಚೆ ಸಂಕಟ ಶುರು. ನಾಳೆ ಬೆಳಗಿನ ಜಾವ ಬ್ಯಾಟರಿ ಹಿಡಿದು ಒಂದು ಸಲ ಹೋಗಿ ನೋಡು. ಮೀನುಗಳು ಎಲ್ಲಾ ಮೇಲೆ ಬಂದು, ತಲೆ ಮೇಲೆತ್ತಿ ಬಾಯಿ ಪಕಪಕ ಅನ್ನಿಸುತ್ತಿದ್ದರೆ ಅದು ಹಸಿವಲ್ಲ. ಪಾಪ ಹಸಿದಿವೆ ಅಂತ ಮತ್ತಷ್ಟು ಕಾಳು ಹಾಕಬೇಡ. ಅವಕ್ಕೆ ಉಸಿರು ಸಾಲುತ್ತಿಲ್ಲ. ಒಂದು ತಂಬಿಗೆಯಿಂದ ಹೊಂಡದ್ದೇ ನೀರು ಎತ್ತಿ ಎತ್ತಿ ಮೇಲಿಂದ ಹೊಯ್ಯಿ, ತಕ್ಷಣಕ್ಕೆ ಅಷ್ಟು ಮಾಡಿದರೂ ಉಳಿಯುತ್ತವೆ. ಸಣ್ಣ ಏರ್ ಪಂಪ್ ತಂದು ರಾತ್ರಿ ಹೊತ್ತು ಓಡಿಸು. ಕರೆಂಟ್ ಹೋದರೆ ಬ್ಯಾಟರಿಯಿಂದ ನಡೆಯುವಂಥದ್ದೂ ಸಿಗುತ್ತದೆ, ಬೇಸಿಗೆಯಲ್ಲಿ ಅದೇ ಒಳ್ಳೆಯದು.

ಈಗ ಭಾವನವರ ಮೈಲುತುತ್ತಕ್ಕೆ ಬರೋಣ. ಪಾಚಿ ಸಾಯುತ್ತದೆ, ಅದರಲ್ಲಿ ಅನುಮಾನ ಇಲ್ಲ. ಆದರೆ ಮೈಲುತುತ್ತದಲ್ಲಿರುವ ತಾಮ್ರ ಮೀನಿಗೂ ವಿಷವೇ, ಚಿಟಿಕೆ ಅಂದರೆ ಎಷ್ಟು ಅಂತ ಯಾರಿಗೆ ಗೊತ್ತು. ಅದು ಹೋಗಲಿ, ಒಂದೇ ದಿನ ಅಷ್ಟೂ ಪಾಚಿ ಸತ್ತರೆ ಕೊಳೆಯುತ್ತದೆ, ಕೊಳೆಯುವಾಗ ಉಳಿದ ಆಮ್ಲಜನಕವೂ ಖಾಲಿ. ಮರುದಿನ ಬೆಳಿಗ್ಗೆ ನೀರು ತಿಳಿ, ಮೀನು ಮೇಲೆ ತೇಲುತ್ತಿರುತ್ತವೆ. ಕಾಕಾ, ಬ್ಲೀಚಿಂಗ್ ಪೌಡರ್ ಕುಡಿಯುವ ನೀರಿನ ಬಾವಿಗೆ ಸರಿ. ಮೀನಿದ್ದ ನೀರಿಗೆ ಹಾಕಿದರೆ ಕ್ಲೋರಿನ್ ಅವುಗಳ ಕಿವಿರು ಸುಡುತ್ತದೆ. ಪಟಿಕ ಮಣ್ಣಿನ ರಾಡಿ ಕೂರಿಸುವುದಕ್ಕೆ ಇರುವುದು. ಸ್ವಲ್ಪ ಪಾಚಿಯೂ ಕೂರಬಹುದು, ಆದರೆ ನೀರನ್ನು ಹುಳಿ ಕಡೆಗೆ ಎಳೆಯುತ್ತದೆ, ಪಾಚಿಯ ಮೂಲ ಇದ್ದಲ್ಲೇ ಇರುತ್ತದೆ. ಯಾರಾದರೂ ಸುಣ್ಣ ಹಾಕಿ ಅನ್ನುವುದಕ್ಕೆ ಮುಂಚೆ ಹೇಳಿಬಿಡುತ್ತೇನೆ, ಅದೂ ಬೇಡ. ಇಷ್ಟು ಸಣ್ಣ ಹೊಂಡದಲ್ಲಿ ಪಿಎಚ್, ಅಂದರೆ ನೀರಿನ ಹುಳಿ-ಕ್ಷಾರದ ಅಳತೆ, ಒಮ್ಮೆಲೇ ಏರುತ್ತದೆ. ಪಿಎಚ್ ಏರಿದಷ್ಟೂ, ನೀರು ಬಿಸಿಯಾದಷ್ಟೂ ಮೀನಿನ ಗಲೀಜಿನಿಂದ ಬರುವ ಅಮೋನಿಯಾದ ವಿಷ ಜಾಸ್ತಿ.

ಖಾಲಿ ಮಾಡಿ ತೊಳೆಯುವುದು ಯಾಕೆ ಬೇಡ ಅಂದರೆ, ನೀನೇ ಬರೆದಿದ್ದೀಯಲ್ಲ, ಹೋದ ಸಲ ತೊಳೆದಮೇಲೆ ಒಂದು ವಾರದಲ್ಲೇ ಮತ್ತೆ ಹಸಿರಾಯಿತು ಅಂತ. ಆಗೇ ಆಗುತ್ತದೆ. ಮೀನಿನ ಗಲೀಜಿನಿಂದ ಅಮೋನಿಯಾ ಬರುತ್ತದೆ. ಅದನ್ನು ಕಡಿಮೆ ವಿಷದ್ದಾಗಿ ಮಾಡುವ ಸೂಕ್ಷ್ಮಜೀವಿಗಳು ಗೋಡೆಗೆ, ಕಲ್ಲಿಗೆ, ಫಿಲ್ಟರಿನ ಸ್ಪಂಜಿಗೆ ಅಂಟಿಕೊಂಡಿರುತ್ತವೆ. ತಿಕ್ಕಿ ತೊಳೆದರೆ ಮೊದಲು ಹೋಗುವುದು ಅವೇ, ಮತ್ತೆ ಸರಿಯಾಗಿ ಬೆಳೆಯಲು 4ರಿಂದ 6 ವಾರ ಬೇಕು. ಪಾಚಿಗೆ ಅಷ್ಟು ದಿನ ಬೇಡ. ಗೋಡೆಗೆ ಹಸಿರು ಜಾರಿಕೆ ಕಟ್ಟಿದೆ ಅಂತಲೂ ಬೇಜಾರು ಮಾಡಿಕೊಂಡಿದ್ದೀಯ. ಅದನ್ನು ಬಿಡು, ಅದು ನೀರಿನಲ್ಲಿರುವ ಗೊಬ್ಬರ ತಿಂದು ನಿನಗೆ ಉಪಕಾರವನ್ನೇ ಮಾಡುತ್ತಿದೆ.

ಗೊಬ್ಬರ ಅಂದೆ ಅಲ್ವಾ, ಅಲ್ಲೇ ಇರುವುದು ವಿಷಯ. ಪಾಚಿಗೆ ಬೇಕಾಗಿರುವುದು ಎರಡೇ, ಬಿಸಿಲು ಮತ್ತು ಗೊಬ್ಬರ. ಭಾವನವರಿಗೆ ಇದನ್ನು ನಾನು ಹೇಳಬೇಕಾಗಿಲ್ಲ, ಭತ್ತದ ಗದ್ದೆಗೆ ಡಿಎಪಿ ಹಾಕಿದಮೇಲೆ ನಿಂತ ನೀರಿನಲ್ಲಿ ಪಾಚಿ ಹೇಗೆ ಬರುತ್ತದೆ ಅಂತ ನೋಡಿದ್ದೀರಿ. ಚೀಲದ ಮೇಲೆ 18-46 ಅಂತ ಬರೆದಿರುತ್ತದಲ್ಲ, ಆ 46 ರಂಜಕದ ಲೆಕ್ಕ, ಪಾಚಿಗೆ ಅದು ಹಬ್ಬದೂಟ. ನಿನ್ನ ಫೋಟೋದಲ್ಲಿ ಹೊಂಡದ ಕಟ್ಟೆ ಮೇಲೆ ಗುಲಾಬಿ ಕುಂಡಗಳ ಸಾಲು ಕಾಣುತ್ತಿದೆ. ಅವಕ್ಕೂ ಡಿಎಪಿ ಹಾಕುತ್ತೀಯ ತಾನೆ? ನೀರು ಹಾಕಿದಾಗ ತಳದ ತೂತಿನಿಂದ ಇಳಿದು ಎಲ್ಲಿಗೆ ಹೋಗುತ್ತದೆ ನೋಡು. ಕುಂಡಗಳನ್ನು ಇವತ್ತೇ ಆ ಕಡೆ ಗೋಡೆಗೆ ಸರಿಸು. ಯುಗಾದಿ ಹೊತ್ತಿಗೆ ಬೇವಿನ ಎಲೆ ಉದುರಿ ತಳದಲ್ಲಿ ಕೂತಿರುತ್ತದೆ, ಅದನ್ನೂ ಜಾಳಿಗೆಯಿಂದ ಮೆಲ್ಲಗೆ ಎತ್ತು, ತಳ ಕದಡಬೇಡ.

ಇನ್ನು ಕಾಳು. ಎರಡು ಮೂರು ನಿಮಿಷದಲ್ಲಿ ತಿಂದು ಮುಗಿಸುವಷ್ಟೇ ಹಾಕಬೇಕು. ಮೊಮ್ಮಕ್ಕಳು ಬಂದಾಗಲೆಲ್ಲ ಮಂಡಾಳು, ಚಪಾತಿ ಚೂರು, ಬೂಂದಿ ಎಲ್ಲಾ ಎಸೆಯುತ್ತಾರೆ ಅಂತ ಗೊತ್ತು, ಅವರಿಗೆ ಬೈಯುವುದು ಬೇಡ, ಬೊಗಸೆ ಬದಲು ಒಂದು ಚಮಚ ಕೈಗೆ ಕೊಡು ಸಾಕು. ಮೀನು ಎಷ್ಟಿವೆ ಅಂತ ನೀನು ಹೇಳಿಲ್ಲ. 6 ಅಡಿ ಉದ್ದ, 4 ಅಡಿ ಅಗಲ, 2 ಅಡಿ ಆಳ ಅಂದಿದ್ದೀಯ, ಅಂದರೆ 48 ಘನ ಅಡಿ, ಹತ್ತಿರ ಹತ್ತಿರ 1,360 ಲೀಟರ್. ಗೋಲ್ಡ್ ಫಿಶ್ ಕೆಲವು ಇದ್ದರೆ ಪರವಾಗಿಲ್ಲ. ಕೊಯಿ ಬಿಟ್ಟಿದ್ದರೆ ಅವು ಎರಡಡಿ ತನಕ ಬೆಳೆಯುವ ಮೀನು, ಈ ಹೊಂಡ ಅವಕ್ಕೆ ಸಾಲಲ್ಲ, ದೊಡ್ಡ ಹೊಂಡ ಇರುವ ಯಾರಿಗಾದರೂ ಕೊಟ್ಟುಬಿಡು.

ಬಿಸಿಲಿಗೆ ಶೇಡ್ ನೆಟ್. ತರಕಾರಿ ಸಸಿ ಮಡಿಗೆ ಕಟ್ಟುವ ಅದೇ ಹಸಿರು ಬಲೆ, ಅರ್ಧ ಬಿಸಿಲು ತಡೆಯುವಂಥದ್ದು ಸಾಕು. ನೀರಿನಿಂದ ಐದಾರು ಅಡಿ ಮೇಲೆ ಕಟ್ಟು, ಗಾಳಿ ಆಡಬೇಕು. ನೀರಿನ ಮೇಲೇ ಹಾಸಿಬಿಡಬೇಡ. ಹಣ ಖರ್ಚು ಮಾಡುವುದಿದ್ದರೆ ಮೊದಲ ಖರ್ಚು ಇದೇ ಇರಲಿ, ಉಳಿದದ್ದೆಲ್ಲ ಆಮೇಲೆ. ಜೊತೆಗೆ ನೀರಿನ ಅರ್ಧಕ್ಕಿಂತ ಸ್ವಲ್ಪ ಜಾಸ್ತಿ ಎಲೆ ಮುಚ್ಚುವಷ್ಟು ಗಿಡ ಬಿಡು. ನೈದಿಲೆ ಒಂದು ಬುಟ್ಟಿಯಲ್ಲಿ ಇಡು, ಅಂತರಗಂಗೆ ಒಂದಿಷ್ಟು ತೇಲಿಬಿಡು. ಅದರ ಬೇರು ನೀರಿನಿಂದಲೇ ಗೊಬ್ಬರ ಹೀರುತ್ತದೆ, ಪಾಚಿಗೆ ಉಳಿಯುವುದು ಕಡಿಮೆ. ಮೀನು ಬೇರು ಕಿತ್ತು ತಿನ್ನುತ್ತವೆ, ಸುತ್ತ ಬಲೆ ಕಟ್ಟಿದರೆ ತಾಳುತ್ತದೆ. ಅಂತರಗಂಗೆ ಹಬ್ಬಿದಾಗ ಹೆಚ್ಚಾದದ್ದನ್ನು ತೆಗೆದು ತಿಪ್ಪೆಗೆ ಹಾಕು. ದಯವಿಟ್ಟು ಕಾಲುವೆಗೆ, ಕೆರೆಗೆ ಎಸೆಯಬೇಡ, ಒಂದು ಗಿಡ ಹೋದರೂ ಕೆರೆ ಪೂರ್ತಿ ಮುಚ್ಚಿಬಿಡುತ್ತದೆ.

ನೀರು ಬದಲಿಸುವುದು ವಾರಕ್ಕೊಮ್ಮೆ ಒಂದು 200 ಲೀಟರಿನ ಡ್ರಮ್ ಅಷ್ಟು, ಅದಕ್ಕಿಂತ ಜಾಸ್ತಿ ಬೇಡ. ತೆಗೆದ ಹಸಿರು ನೀರು ಮಲ್ಲಿಗೆಗೆ, ಕರಿಬೇವಿಗೆ ಹಾಕು, ಚೆನ್ನಾಗಿ ಬರುತ್ತವೆ. ಹಾಕುವ ನೀರು ನಳದ್ದಾದರೆ ಡ್ರಮ್ಮಿನಲ್ಲಿ ತುಂಬಿ ಬಾಯಿ ತೆರೆದು ಒಂದು ದಿನ ನೆರಳಲ್ಲಿಡು, ಕ್ಲೋರಿನ್ ಹಾರಿಹೋಗುತ್ತದೆ. ಮಧ್ಯಾಹ್ನ ಮಹಡಿ ಟ್ಯಾಂಕಿನಿಂದ ನೇರ ಪೈಪ್ ಬಿಡುವುದು ಮಾತ್ರ ಬೇಡವೇ ಬೇಡ, ಆ ಕಾದ ನೀರಿಗೆ ಮೀನು ತಡೆಯಲ್ಲ. ಬೋರ್ ನೀರಾದರೆ ಒಂದು ಮಾತು, ಗದ್ದೆ ನಡುವಿನ ಬೋರಿನಲ್ಲಿ ನೈಟ್ರೇಟ್ ಇರುವುದು ಉಂಟು, ಅದೂ ಪಾಚಿಗೆ ಗೊಬ್ಬರವೇ. ಅಕ್ವೇರಿಯಂ ಅಂಗಡಿಯಲ್ಲಿ ಪರೀಕ್ಷೆ ಮಾಡುವ ಪಟ್ಟಿ ಸಿಗುತ್ತದೆ, ಒಂದು ತಂದು ಅದ್ದಿ ನೋಡು.

ಇಷ್ಟು ಮಾಡಿದರೆ ನೀರು ತಾನೇ ತಿಳಿಯಾಗುತ್ತಾ ಬರುತ್ತದೆ, ಆದರೆ ವಾರಗಳು ಹಿಡಿಯುತ್ತವೆ. ಅವಸರ ಇದ್ದರೆ ಯುವಿ (ಅತಿನೇರಳೆ ಕಿರಣದ) ಲೈಟ್ ಇದೆ. ಕೊಳವೆ ಒಳಗೆ ಲೈಟು, ಪಂಪ್ ನೀರನ್ನು ಅದರ ಪಕ್ಕದಲ್ಲೇ ಹರಿಸುತ್ತದೆ, ಪಾಚಿ ಸತ್ತು ಉಂಡೆಗಟ್ಟಿ ಫಿಲ್ಟರಿನಲ್ಲಿ ಸಿಕ್ಕಿಕೊಳ್ಳುತ್ತದೆ. ನಿನ್ನ ಹೊಂಡಕ್ಕೆ 9 ವಾಟ್ ಸಾಕು. ಒಂದೆರಡು ವಾರದಲ್ಲಿ ತಳ ಕಾಣುತ್ತದೆ. ಆದರೆ ಅದು ಗೊಬ್ಬರ ತೆಗೆಯಲ್ಲ, ಲೈಟ್ ಬಂದ್ ಮಾಡಿದರೆ ಪಾಚಿ ವಾಪಸ್. ಲ್ಯಾಂಪು ವರ್ಷದಮೇಲೆ ನೀಲಿಯಾಗಿ ಉರಿಯುತ್ತಿದ್ದರೂ ಅದರ ಶಕ್ತಿ ಇಳಿದಿರುತ್ತದೆ, ಬದಲಿಸಬೇಕು. ಉರಿಯುವಾಗ ಬಿಚ್ಚಿ ನೇರ ನೋಡಬಾರದು, ಕಣ್ಣಿಗೆ ಕೆಟ್ಟದ್ದು. ನೀರಿನ ಹತ್ತಿರ ಕರೆಂಟ್ ಇದು, ಭಾವ, ಎಲೆಕ್ಟ್ರಿಷಿಯನ್ ಕರೆಸಿ ಶಾಕ್ ಹೊಡೆದರೆ ತಾನೇ ಟ್ರಿಪ್ ಆಗುವ ಸ್ವಿಚ್ ಹಾಕಿಸಿ.

ಫಿಲ್ಟರ್ ಇಲ್ಲ ಅಂದೆ, ಅದನ್ನು ಕೊಳ್ಳಬೇಡ, ಒಂದು ಡ್ರಮ್ಮಿನಲ್ಲಿ ಮನೆಯಲ್ಲೇ ಮಾಡಿಕೊಳ್ಳಬಹುದು. ಡ್ರಮ್ಮಿನ ತಳದಲ್ಲಿ ಜಲ್ಲಿ, ಮೇಲೆ ಪಾತ್ರೆ ತಿಕ್ಕುವ ಹಸಿರು ಸ್ಕ್ರಬ್ಬರ್ ಹೊಸದು ಒಂದಿಷ್ಟು, ಅದರ ಮೇಲೆ ದಪ್ಪ ಸ್ಪಂಜು. ತಾಸಿಗೆ 700 ಲೀಟರ್ ಎತ್ತುವ ಮುಳುಗು ಪಂಪ್ ಇದ್ದರೆ ಎರಡು ತಾಸಿಗೊಮ್ಮೆ ಹೊಂಡದ ನೀರೆಲ್ಲ ಒಂದು ಸುತ್ತು ಬರುತ್ತದೆ. ವಾಪಸ್ ಬರುವ ಪೈಪನ್ನು ಒಂದಡಿ ಮೇಲಿಂದ ಬೀಳುವಂತೆ ಬಿಡು, ಗಾಳಿಯೂ ಬೆರೆಯುತ್ತದೆ. ಸ್ಪಂಜು ಕಂದು ಲೋಳೆ ಕಟ್ಟಿದೆ ಅಂತ ನಳದ ಕೆಳಗೆ ಹಿಡಿದು ಬೆಳ್ಳಗೆ ತೊಳೆಯಬೇಡ. ಬಕೆಟ್ಟಿನಲ್ಲಿ ಹೊಂಡದ ನೀರು ತೆಗೆದು ಅದರಲ್ಲೇ ಎರಡು ಸಲ ಹಿಂಡಿ ಹಾಕು, ಸಾಕು.

ಚಿಗವ್ವ ಸೊಳ್ಳೆ ಬಗ್ಗೆ ಕೇಳಿದ್ದರು. ಮೀನಿದ್ದ ಹೊಂಡದಲ್ಲಿ ಸೊಳ್ಳೆ ಮರಿ ಉಳಿಯಲ್ಲ, ಗಪ್ಪಿಗಳಂತೂ ಹುಡುಕಿ ತಿನ್ನುತ್ತವೆ. ನೋಡಬೇಕಾದದ್ದು ಪಕ್ಕದಲ್ಲಿ ನೀರು ತುಂಬಿಡುವ ಡ್ರಮ್, ಅದಕ್ಕೆ ಬಟ್ಟೆ ಕಟ್ಟಿ.

ನಮ್ಮ ಮನೆಯಲ್ಲಿ ನೀಲಿ ಡ್ರಮ್ ಒಂದು ಖಾಲಿ ಬಿದ್ದಿದೆ. ಭಾವ ಭಾನುವಾರ ಗಂಗಾವತಿಗೆ ಬರುವುದಿದ್ದರೆ ಗಾಡಿಯಲ್ಲಿ ಹಾಕಿ ಕಳಿಸುತ್ತೇನೆ. ಶೇಡ್ ನೆಟ್ಟೂ ಇಲ್ಲೇ ತೆಗೆದುಕೊಳ್ಳಬಹುದು. ಕಂಬದಿಂದ ಕಂಬಕ್ಕೆ ಎಷ್ಟು ಅಡಿ ಬರುತ್ತದೆ ಅಂತ ಅಳತೆ ಹಾಕು, ಮತ್ತೆ ಮೀನು ಎಷ್ಟಿವೆ ಅಂತಲೂ.