ಮನೆಯಲ್ಲಿ ಕಟ್ಟಿದ ಸಣ್ಣ ಲೇತ್‌ಗೆ ಸಿಎನ್‌ಸಿ: ಮಾಡಿ ನೋಡಿದವರ ಅನುಭವ

ಪ್ರಶ್ನೆ

ನಮಸ್ಕಾರ. ನಾನೇ ಕಟ್ಟಿಕೊಂಡ ಒಂದು ಸಣ್ಣ ಮೆಟಲ್ ಲೇತ್ ಇದೆ. ಸೆಂಟರ್‌ನಿಂದ ಸೆಂಟರ್‌ಗೆ 300 ಮಿ.ಮೀ. ದಪ್ಪ ಉಕ್ಕಿನ ಪ್ಲೇಟಿನ ಬೆಡ್, ಹೆಡ್‌ಸ್ಟಾಕ್‌ನಲ್ಲಿ (ಸ್ಪಿಂಡಲ್, ಅಂದರೆ ತಿರುಗುವ ಶಾಫ್ಟ್ ಕೂರುವ ಭಾಗ) ಟೇಪರ್ ರೋಲರ್ ಬೇರಿಂಗ್, ಅರ್ಧ ಎಚ್‌ಪಿ ಸಿಂಗಲ್ ಫೇಸ್ ಮೋಟಾರ್, ಬೆಲ್ಟ್ ಡ್ರೈವ್. ಟೂಲನ್ನು ಸರಿಸುವ ಲೀಡ್ ಸ್ಕ್ರೂ ಜಾಗದಲ್ಲಿ ಸದ್ಯಕ್ಕೆ ಎಂ12 ಥ್ರೆಡ್ ರಾಡ್ ಇದೆ. ಹಿತ್ತಾಳೆ, ಅಲ್ಯೂಮಿನಿಯಂನಲ್ಲಿ ಒಂದೇ ಥರದ ಸಣ್ಣ ಭಾಗಗಳನ್ನು ಮತ್ತೆ ಮತ್ತೆ ಮಾಡಬೇಕಾಗುತ್ತದೆ. ಇದನ್ನು ಸಿಎನ್‌ಸಿ ಮಾಡಬೇಕು, ಅಂದರೆ ಕಂಪ್ಯೂಟರಿನಿಂದ ಓಡಿಸಬೇಕು ಅಂತ ಆಸೆ. ಎರಡು ಸ್ಟೆಪರ್ ಮೋಟಾರ್ (ಒಂದೊಂದು ಪಲ್ಸ್‌ಗೆ ಒಂದೊಂದು ಹೆಜ್ಜೆ ತಿರುಗುವ ಮೋಟಾರ್), ಒಂದು ಆರ್ಡುಯಿನೋ (ಸಣ್ಣ ಕಂಟ್ರೋಲ್ ಬೋರ್ಡ್) ಸಾಕಾ? ಎಲ್ಲಿಂದ ಶುರು ಮಾಡಲಿ? ಮಾಡಿ ನೋಡಿದವರು ದಯವಿಟ್ಟು ಹೇಳಿ.

*

ಮೋಟಾರ್ ಕೊಳ್ಳುವ ಮುಂಚೆ ಒಂದು ಕೆಲಸ ಮಾಡಿ. ಚಕ್‌ಗೆ ಒಂದು ದಪ್ಪ ರಾಡ್ ಕಟ್ಟಿ. ಬೆಡ್ ಮೇಲೆ ಡಯಲ್ ಗೇಜ್ ನಿಲ್ಲಿಸಿ, ಅದರ ತುದಿಯನ್ನು ರಾಡಿಗೆ ತಾಗಿಸಿ ಸೊನ್ನೆ ಮಾಡಿ. ಈಗ ರಾಡನ್ನು ಹಿಡಿದು ನಿಮ್ಮ ಕಡೆಗೆ ಜೋರಾಗಿ ಎಳೆದು ಬಿಡಿ. ಮುಳ್ಳು ಓಡಿ ಮತ್ತೆ ಸೊನ್ನೆಗೆ ಬಂದು ನಿಂತರೆ ಅದು ಕಬ್ಬಿಣ ಬಾಗಿದ್ದು. ಸೊನ್ನೆಗೆ ಬರದೆ ಬೇರೆ ಕಡೆ ನಿಂತರೆ ಎಲ್ಲೋ ಲೂಸ್ ಇದೆ. ಟೇಪರ್ ರೋಲರ್ ಬೇರಿಂಗ್ ಅಂದಿರಲ್ಲ, ಅದನ್ನು ಒತ್ತಿ ಹಿಡಿಯುವ ಪ್ರೀಲೋಡ್ ನಟ್ ಸರಿಯಾಗಿ ಬಿಗಿಯಾಗಿಲ್ಲದಿದ್ದರೆ ಇಲ್ಲೇ ಸಿಕ್ಕಿಬೀಳುತ್ತದೆ. ಇದೇ ಪರೀಕ್ಷೆಯನ್ನು ಟೂಲ್ ಪೋಸ್ಟ್ ಮೇಲೂ ಮಾಡಿ. ಅಲ್ಲಿ ಜಿಬ್ (ಸ್ಲೈಡಿನ ಸಡಿಲ ತೆಗೆಯುವ ಪಟ್ಟಿ) ಬಿಗಿ ಎಷ್ಟಿದೆ ಅಂತ ಗೊತ್ತಾಗುತ್ತದೆ.

ಇದನ್ನು ಮೊದಲು ಹೇಳಲು ಕಾರಣ ಇದೆ. ಹ್ಯಾಂಡಲ್ ತಿರುಗಿಸುವಾಗ ಎಷ್ಟೋ ಕೊರತೆಯನ್ನು ನಮ್ಮ ಕೈಯೇ ಸರಿಪಡಿಸುತ್ತಿರುತ್ತದೆ. ಟೂಲ್ ಕಿರುಚಿದರೆ ಕೈ ತಾನಾಗಿ ಫೀಡ್ (ಟೂಲ್ ಸರಿಯುವ ವೇಗ) ಇಳಿಸುತ್ತದೆ. ಸ್ಕ್ರೂನಲ್ಲಿ ಪ್ಲೇ (ಸಡಿಲ) ಇದ್ದರೆ ಒಂದು ಸುತ್ತು ಹಿಂದೆ ಹೋಗಿ ಮತ್ತೆ ಮುಂದೆ ಬರುತ್ತೇವೆ. ಕಂಪ್ಯೂಟರ್‌ಗೆ ಆ ಕಿವಿಯೂ ಇಲ್ಲ, ಆ ಕೈಯೂ ಇಲ್ಲ. ಹೇಳಿದಷ್ಟು ಪಲ್ಸ್ ಕಳಿಸುತ್ತದೆ, ಅಷ್ಟೇ. ಲೇತ್ ಹೇಗಿದೆಯೋ ಕೆಲಸ ಹಾಗೇ ಬರುತ್ತದೆ.

ಇನ್ನೊಂದು ಪರೀಕ್ಷೆ. ಸುಮಾರು 25 ಮಿ.ಮೀ. ರಾಡನ್ನು ಚಕ್‌ನಿಂದ 100 ಮಿ.ಮೀ. ಹೊರಗೆ ಬಿಟ್ಟು ಹಿಡಿಸಿ, ಇನ್ನೊಂದು ತುದಿಗೆ ಟೇಲ್‌ಸ್ಟಾಕ್ ಆಸರೆ ಬೇಡ. ನಡುವೆ ಸ್ವಲ್ಪ ತೆಳ್ಳಗೆ ಮಾಡಿ, ಎರಡು ತುದಿಯಲ್ಲಿ ಒಂದೊಂದು ಉಂಗುರದಷ್ಟು ಜಾಗ ಉಳಿಸಿ. ಟೂಲ್ ಸೆಟ್ಟಿಂಗ್ ಮುಟ್ಟದೆ ಎರಡರ ಮೇಲೂ ಒಂದೇ ತೆಳು ಕಟ್ ಎಳೆಯಿರಿ. ಮೈಕ್ರೋಮೀಟರ್‌ನಲ್ಲಿ ಎರಡೂ ಒಂದೇ ಅಳತೆ ಬಂದರೆ ಹೆಡ್‌ಸ್ಟಾಕ್ ಬೆಡ್‌ಗೆ ನೇರವಾಗಿದೆ ಅಂತ ಅರ್ಥ. ಬರದಿದ್ದರೆ ಸಾಫ್ಟ್‌ವೇರ್‌ನಲ್ಲಿ ಅಡ್ಜಸ್ಟ್ ಮಾಡಲು ಹೋಗಬೇಡಿ. ಹೆಡ್‌ಸ್ಟಾಕ್ ಬೋಲ್ಟ್ ಸಡಿಲಿಸಿ ಶಿಮ್ (ತೆಳು ಲೋಹದ ಹಾಳೆ) ಹಾಕಿ ಸರಿ ಮಾಡಿ.

ಆಮೇಲೆ ಕಾಂಪೌಂಡ್ ಸ್ಲೈಡ್ (ಕ್ರಾಸ್ ಸ್ಲೈಡ್ ಮೇಲೆ ಕೂರುವ, ಕೋನಕ್ಕೆ ತಿರುಗಿಸುವ ಸ್ಲೈಡ್) ಇದ್ದರೆ ತೆಗೆದುಬಿಡಿ. ಎಕ್ಸ್ (ಅಡ್ಡ ಓಟ) ಮತ್ತು ಝಡ್ (ಉದ್ದ ಓಟ) ಒಟ್ಟಿಗೆ ಓಡಿದರೆ ಯಾವ ಕೋನದ ಟೇಪರ್ (ಓರೆ) ಬೇಕಾದರೂ ಬರುತ್ತದೆ. ಕಾಂಪೌಂಡ್‌ಗೆ ಕೆಲಸವೇ ಇಲ್ಲ. ಅದರ ಜಾಗಕ್ಕೆ ಗಟ್ಟಿ ಉಕ್ಕಿನ ಒಂದು ಬ್ಲಾಕ್ ಕೂರಿಸಿ, ಅದರ ಮೇಲೆ ಟೂಲ್ ಪೋಸ್ಟ್ ಇಡಿ. ಸಣ್ಣ ಲೇತ್‌ನಲ್ಲಿ ಇದರಿಂದ ಬರುವ ಗಟ್ಟಿತನ ಅಷ್ಟಿಷ್ಟಲ್ಲ. ತುಂಡು ಕಡಿಯುವ ಪಾರ್ಟಿಂಗ್ ಟೂಲ್ ಹಾಕಿದಾಗ ಸದ್ದಿನಲ್ಲೇ ಗೊತ್ತಾಗುತ್ತದೆ.

ಎಂ12 ರಾಡ್ ಮಾತ್ರ ಬದಲಾಯಿಸಲೇಬೇಕು. ಅದರ ಪಿಚ್ (ಹಲ್ಲಿನಿಂದ ಹಲ್ಲಿಗೆ ಅಂತರ) 1.75 ಮಿ.ಮೀ., ಹಲ್ಲು 60 ಡಿಗ್ರಿ. ಅದು ಎರಡು ಭಾಗಗಳನ್ನು ಬಿಗಿದು ಹಿಡಿಯಲು ಮಾಡಿದ ಥ್ರೆಡ್, ದಿನವಿಡೀ ಓಡಾಡಲು ಅಲ್ಲ. ಬೇಗ ಸವೆಯುತ್ತದೆ, ಪ್ಲೇ ಒಂದೊಂದು ಕಡೆ ಒಂದೊಂದು ಥರ ಆಗುತ್ತದೆ. ಝಡ್‌ಗೆ 16 ಮಿ.ಮೀ. ದಪ್ಪ, 5 ಮಿ.ಮೀ. ಲೀಡ್ (ಒಂದು ಸುತ್ತಿಗೆ ಸರಿಯುವ ದೂರ) ಇರುವ 1605 ಬಾಲ್ ಸ್ಕ್ರೂ (ನಟ್ ಒಳಗೆ ಗುಂಡುಗಳ ಮೇಲೆ ಓಡುವ ಸ್ಕ್ರೂ), ಎಕ್ಸ್‌ಗೆ 1204 ಹಾಕಿ. ಸಾಮಾನ್ಯವಾಗಿ ಸಿಗುವ ಸಿ7 ದರ್ಜೆಯ ರೋಲ್ಡ್ ಸ್ಕ್ರೂನಲ್ಲಿ 300 ಮಿ.ಮೀ.ಗೆ 0.05 ಮಿ.ಮೀ.ವರೆಗೆ ವ್ಯತ್ಯಾಸ ಇರಬಹುದು. ಇಂಥ ಕೆಲಸಕ್ಕೆ ಅದು ಧಾರಾಳ ಸಾಕು. ಸ್ಕ್ರೂಗಿಂತ ಅದರ ತುದಿಯ ಬೇರಿಂಗ್ ಕಡೆ ಜಾಸ್ತಿ ಗಮನ ಕೊಡಿ. ಒಂದು ತುದಿಯಲ್ಲಿ ಎದುರುಬದುರಾಗಿ ಕೂರಿಸಿದ ಆಂಗ್ಯುಲರ್ ಕಾಂಟ್ಯಾಕ್ಟ್ ಬೇರಿಂಗ್ ಜೋಡಿ ಬೇಕು. ಸುಮ್ನೆ ಒಂದು ಬಾಲ್ ಬೇರಿಂಗ್ ಹಾಕಿದರೆ ಸ್ಕ್ರೂ ಉದ್ದಕ್ಕೂ ಹಿಂದೆ ಮುಂದೆ ಆಡುತ್ತದೆ, ಎಷ್ಟು ಒಳ್ಳೆ ಬಾಲ್ ನಟ್ ಇದ್ದರೂ ಪ್ರಯೋಜನವಿಲ್ಲ.

*

ಮೇಲಿನವರ ಮಾತು ಬಹುಪಾಲು ಒಪ್ಪುತ್ತೇನೆ. ಆದರೆ ಬಾಲ್ ಸ್ಕ್ರೂ ಇಲ್ಲದೆ ಆಗುವುದೇ ಇಲ್ಲ ಅಂತ ಯಾರೂ ಹೆದರಬೇಕಾಗಿಲ್ಲ. ನನ್ನ ಲೇತ್‌ನಲ್ಲಿ ಎರಡು ಕಡೆಯೂ ಟ್ರೆಪಿಝಾಯ್ಡಲ್ (ಅಗಲ ಹಲ್ಲಿನ) ಸ್ಕ್ರೂ, ಕಂಚಿನ ನಟ್ ಇದೆ. ನಟ್ ಅನ್ನು ಎರಡು ತುಂಡು ಮಾಡಿ, ಒಂದನ್ನೊಂದು ತಳ್ಳುವ ಹಾಗೆ ಸ್ಕ್ರೂ ಹಾಕಿ ಬಿಗಿದಿದ್ದೇನೆ. ಸವೆದಂತೆ ಬಿಗಿ ಮಾಡುತ್ತಾ ಹೋಗಬಹುದು. ಲೇತ್‌ನಲ್ಲಿ ಹೆಚ್ಚಿನ ಕಟ್ ಚಕ್ ಕಡೆಗೇ ಹೋಗುತ್ತದೆ. ಕಟ್ಟಿಂಗ್ ಒತ್ತಡವೂ ಟೂಲನ್ನು ಒಂದೇ ಕಡೆಗೆ ತಳ್ಳುತ್ತದೆ. ಹಾಗಾಗಿ ನೇರ ಟರ್ನಿಂಗ್‌ನಲ್ಲಿ ಸ್ವಲ್ಪ ಪ್ಲೇ ಕಾಣುವುದೇ ಇಲ್ಲ. ಗೋಳದ ಆಕಾರ ಮಾಡುವಾಗ ಎಕ್ಸ್ ದಿಕ್ಕು ತಿರುಗುವ ಜಾಗದಲ್ಲಿ ಮಾತ್ರ ಒಂದು ಸಣ್ಣ ಗೆರೆ ಬರುತ್ತದೆ. ಲಿನಕ್ಸ್‌ಸಿಎನ್‌ಸಿ ಅನ್ನುವ ಕಂಟ್ರೋಲ್ ಸಾಫ್ಟ್‌ವೇರ್‌ನಲ್ಲಿ ಬ್ಯಾಕ್‌ಲ್ಯಾಶ್ (ಈ ಪ್ಲೇ) ಅಳತೆ ಕೊಟ್ಟರೆ ಅದೂ ತುಂಬಾ ಕಡಿಮೆಯಾಗುತ್ತದೆ. ಬಾಲ್ ನಟ್ ಒಳಗೆ ಹಿತ್ತಾಳೆಯ ನುಣ್ಣನೆ ಚೂರು ಹೋದರೆ ಏನಾಗುತ್ತದೆ ಅಂತಲೂ ಯೋಚಿಸಿ. ಬಾಲ್ ಸ್ಕ್ರೂ ಹಾಕಿದರೆ ಮೇಲೊಂದು ಮುಚ್ಚಳ ಕಡ್ಡಾಯ.

*

ಮುಖ್ಯ ಪ್ರಶ್ನೆ ಯಾರೂ ಕೇಳಲಿಲ್ಲ. ನಿಮಗೆ ಲೇತ್ ಮೇಲೆ ಥ್ರೆಡ್ ಹಾಕಬೇಕಾ? ಇದಕ್ಕೆ ಉತ್ತರ ಸಿಗುವ ತನಕ ಕಂಟ್ರೋಲರ್ ಕೊಳ್ಳಬೇಡಿ. ಥ್ರೆಡ್ ಬೇಡ ಅಂದರೆ ಆರ್ಡುಯಿನೋ ಊನೋ ಮೇಲೆ ಓಡುವ ಜಿಆರ್‌ಬಿಎಲ್ ಅನ್ನುವ ಸಾಫ್ಟ್‌ವೇರ್‌ನಿಂದಲೂ ಟರ್ನಿಂಗ್, ಫೇಸಿಂಗ್ (ಮುಖ ಸಮ ಮಾಡುವುದು), ಟೇಪರ್ ಮಾಡಬಹುದು. ಥ್ರೆಡ್ ಬೇಕು ಅಂದರೆ ಅದು ಸಾಲದು. ಸ್ಪಿಂಡಲ್ ಈ ಕ್ಷಣ ಎಲ್ಲಿದೆ ಅಂತ ನೋಡಿಕೊಂಡು ಝಡ್ ಓಡಿಸುವುದು ಮೂಲ ಜಿಆರ್‌ಬಿಎಲ್‌ನಲ್ಲಿ ಇಲ್ಲ.

ನಿಮ್ಮ ಸ್ಟೆಪರ್ ಮೋಟಾರ್ ಯಾವುದು ಅಂತಲೂ ತಿಳಿಸಿ. ಕೈಯಲ್ಲಿ ಯಾವ ಕಂಪ್ಯೂಟರ್ ಇದೆ?

*

ಪ್ರಶ್ನೆ ಕೇಳಿದವರು

ಎಲ್ಲರಿಗೂ ಧನ್ಯವಾದ. ಡಯಲ್ ಗೇಜ್ ಪರೀಕ್ಷೆ ಮಾಡಿದೆ. ಸ್ಪಿಂಡಲ್ ಕಡೆ ಸೊನ್ನೆಗೆ ವಾಪಸ್ ಬರುತ್ತದೆ. ಕ್ರಾಸ್ ಸ್ಲೈಡ್ ಕಡೆ ಬರುತ್ತಿರಲಿಲ್ಲ, ಜಿಬ್ ಬಿಗಿ ಮಾಡಿದ ಮೇಲೆ ಬರುತ್ತಿದೆ. ಥ್ರೆಡ್ ಖಂಡಿತ ಬೇಕು. ಎಂ8, ಎಂ10, 1.5 ಪಿಚ್‌ವರೆಗೆ. ಪ್ಯಾರಲಲ್ ಪೋರ್ಟ್ ಇರುವ ಹಳೇ ಡೆಸ್ಕ್‌ಟಾಪ್ ಇದೆ. ಸ್ಟೆಪರ್ ಮೋಟಾರ್ ಇನ್ನೂ ಕೊಂಡಿಲ್ಲ.

*

ಥ್ರೆಡ್ ಬೇಕು, ಪ್ಯಾರಲಲ್ ಪೋರ್ಟ್ ಇದೆ ಅಂದ ಮೇಲೆ ಲಿನಕ್ಸ್‌ಸಿಎನ್‌ಸಿ ಬಿಟ್ಟು ಬೇರೆ ಕಡೆ ನೋಡಬೇಡಿ. ಅಮೆರಿಕದ ನಿಸ್ಟ್ ಸಂಸ್ಥೆಯಲ್ಲಿ ಇಎಂಸಿ ಅನ್ನುವ ಹೆಸರಲ್ಲಿ ಹುಟ್ಟಿದ ಸಾಫ್ಟ್‌ವೇರ್ ಇದು, ಉಚಿತ. ಮೊದಲು ಅದರ ಲೇಟೆನ್ಸಿ ಟೆಸ್ಟ್ (ಕಂಪ್ಯೂಟರ್ ಸಮಯಕ್ಕೆ ಸರಿಯಾಗಿ ಪಲ್ಸ್ ಕಳಿಸಬಲ್ಲದೇ ಅಂತ ನೋಡುವ ಪರೀಕ್ಷೆ) ಓಡಿಸಿ. ಅದು ಓಡುತ್ತಿರುವಾಗಲೇ ವಿಡಿಯೋ ಹಾಕಿ, ವಿಂಡೋಗಳನ್ನು ಎಳೆದಾಡಿ, ದೊಡ್ಡ ಫೈಲ್ ಕಾಪಿ ಮಾಡಿ. ಗರಿಷ್ಠ ಜಿಟರ್ (ಸಮಯದ ಏರುಪೇರು) 20 ಮೈಕ್ರೋಸೆಕೆಂಡ್ ಒಳಗಿದ್ದರೆ ಬಹಳ ಒಳ್ಳೇದು. 100 ದಾಟಿದರೆ ಆ ಕಂಪ್ಯೂಟರ್ ನೇರ ಪಲ್ಸ್ ಕಳಿಸಲು ಆಗುವುದಿಲ್ಲ, ಆಗ ಮೆಸಾ ಥರದ ಕಾರ್ಡ್ ಹಾಕಿ ಪಲ್ಸ್ ಕೆಲಸವನ್ನು ಅದಕ್ಕೆ ಬಿಡಬೇಕು.

ಥ್ರೆಡ್‌ಗೆ ಸ್ಪಿಂಡಲ್ ಮೇಲೆ ಎನ್‌ಕೋಡರ್ (ಎಷ್ಟು ತಿರುಗಿದೆ ಅಂತ ಪಲ್ಸ್‌ನಲ್ಲಿ ತಿಳಿಸುವ ಸೆನ್ಸರ್) ಬೇಕು. ಎ, ಬಿ ಅನ್ನುವ ಎರಡು ಸಿಗ್ನಲ್ ಮತ್ತು ಪ್ರತಿ ಸುತ್ತಿಗೊಂದು ಇಂಡೆಕ್ಸ್ ಪಲ್ಸ್, ಮೂರೂ ಇರಬೇಕು. ಮೋಟಾರ್ ಶಾಫ್ಟ್‌ಗೆ ಹಾಕಬೇಡಿ, ಡ್ರೈವ್ ಬೆಲ್ಟ್ ಜಾರುತ್ತದೆ. ಸ್ಪಿಂಡಲ್ ಹಿಂದಿನ ತುದಿಯಿಂದ ಹಲ್ಲಿನ ಬೆಲ್ಟ್‌ನಲ್ಲಿ ಒಂದಕ್ಕೆ ಒಂದು ಅನುಪಾತದಲ್ಲಿ ತಿರುಗಿಸಿ. ಸ್ಪಿಂಡಲ್ ಒಂದು ಸುತ್ತಿಗೆ ಎನ್‌ಕೋಡರ್ ಸರಿಯಾಗಿ ಒಂದೇ ಸುತ್ತು. ಇಲ್ಲದಿದ್ದರೆ ಪ್ರತಿ ಪಾಸ್‌ನಲ್ಲೂ ಟೂಲ್ ಬೇರೆ ಬೇರೆ ಜಾಗದಲ್ಲಿ ಶುರು ಮಾಡಿ ಥ್ರೆಡ್ ಹಾಳಾಗುತ್ತದೆ. ಪ್ಯಾರಲಲ್ ಪೋರ್ಟ್‌ಗೆ 100 ಗೆರೆಯ ಎನ್‌ಕೋಡರ್ ಸಾಕು. ನಾಲ್ಕು ಪಟ್ಟು ಎಣಿಸಿದರೆ ಸುತ್ತಿಗೆ 400 ಆಯಿತು. ಗೆರೆ ಜಾಸ್ತಿ ಇದ್ದರೆ ಎಣಿಕೆ ತಪ್ಪುವ ಅಪಾಯವೇ ಜಾಸ್ತಿ.

ಇದರ ಸೊಗಸು ಥ್ರೆಡ್ ಹಾಕುವಾಗ ಕಾಣುತ್ತದೆ. ಟೂಲ್ ಕಚ್ಚಿದಾಗ ಸ್ಪಿಂಡಲ್ ವೇಗ ಸ್ವಲ್ಪ ಇಳಿಯುತ್ತದೆ. ನಿಮ್ಮ ಸಿಂಗಲ್ ಫೇಸ್ ಮೋಟಾರ್ ಕೂಡ ಇಳಿಯುತ್ತದೆ. ಆದರೂ ಪಿಚ್ ಕೆಡುವುದಿಲ್ಲ. ಝಡ್ ಸ್ಪಿಂಡಲ್ ಹಿಂದೆಯೇ ಹೋಗುತ್ತಿರುತ್ತದಲ್ಲ, ಅದಕ್ಕೆ. ಪ್ರೋಗ್ರಾಂನಲ್ಲಿ ಜಿ33 ಅನ್ನುವ ಆದೇಶ ಒಂದು ಪಾಸ್‌ಗೆ, ಜಿ76 ಪೂರ್ತಿ ಥ್ರೆಡ್‌ಗೆ. 1.5 ಪಿಚ್ ಅನ್ನು 300 ಆರ್‌ಪಿಎಂನಲ್ಲಿ ಹಾಕಿದರೆ ಝಡ್ ನಿಮಿಷಕ್ಕೆ 450 ಮಿ.ಮೀ. ಓಡಬೇಕು. 5 ಮಿ.ಮೀ. ಲೀಡ್‌ನಲ್ಲಿ ಅದು ಬರೀ 90 ಆರ್‌ಪಿಎಂ, ಸ್ಟೆಪರ್‌ಗೆ ಏನೇನೂ ಕಷ್ಟವಿಲ್ಲ. ಆದರೆ ನಿಂತಲ್ಲಿಂದ ಆ ವೇಗಕ್ಕೆ ಬರಲು ಸ್ವಲ್ಪ ದಾರಿ ಬೇಕು. ಕೆಲಸದ ತುದಿಯಿಂದ ಕೆಲವು ಮಿ.ಮೀ. ದೂರದಿಂದಲೇ ಶುರು ಮಾಡಿ. ಇಲ್ಲದಿದ್ದರೆ ಮೊದಲ ಎರಡು ಸುತ್ತಿನ ಪಿಚ್ ಸರಿ ಬರುವುದಿಲ್ಲ, ನಟ್ ಹತ್ತುವುದಿಲ್ಲ.

ಸ್ಟೆಪರ್ ಮೋಟಾರ್ ಎರಡೂ ನೆಮಾ 23 (ಮೋಟಾರಿನ ಮುಖದ ಅಳತೆಯ ಹೆಸರು) ಸಾಕು. ಹೋಲ್ಡಿಂಗ್ ಟಾರ್ಕ್ (ತಿರುಗಿಸುವ ಬಲ) ಅಂಕಿ ನೋಡಿ ಮರುಳಾಗಬೇಡಿ, ಅದು ನಿಂತಿರುವಾಗಿನ ಲೆಕ್ಕ. ವೇಗ ಏರಿದಂತೆ ಟಾರ್ಕ್ ಇಳಿಯುತ್ತದೆ. 36 ವೋಲ್ಟ್ ಮೇಲಿನ ಸಪ್ಲೈ ಮತ್ತು ಅದನ್ನು ತಡೆಯುವ ಡ್ರೈವರ್ (ಸ್ಟೆಪರ್‌ಗೆ ಕರೆಂಟ್ ಕೊಡುವ ಬೋರ್ಡ್) ಹಾಕಿದರೆ ಈ ಇಳಿತ ಕಡಿಮೆ. ಮೋಟಾರ್‌ಗೆ ಸುತ್ತಿಗೆ 200 ಹೆಜ್ಜೆ, ಪ್ರತಿ ಹೆಜ್ಜೆಯನ್ನು ಎಂಟು ಭಾಗ ಮಾಡುವ 8 ಮೈಕ್ರೋಸ್ಟೆಪ್ ಹಾಕಿದರೆ 1600 ಪಲ್ಸ್. 5 ಮಿ.ಮೀ. ಲೀಡ್‌ಗೆ ಮಿ.ಮೀ.ಗೆ 320 ಪಲ್ಸ್ ಆಯಿತು. ಝಡ್‌ಗೆ ಅಷ್ಟು ಸಾಕು. ಎಕ್ಸ್‌ನಲ್ಲಿ ಮಾತ್ರ ಟೂಲ್ 0.01 ಸರಿದರೆ ವ್ಯಾಸ 0.02 ಬದಲಾಗುತ್ತದೆ. ಅಲ್ಲಿ 4 ಮಿ.ಮೀ. ಲೀಡ್, ಎರಡಕ್ಕೆ ಒಂದು ಹಲ್ಲಿನ ಬೆಲ್ಟ್ ಹಾಕಿ. ಮಿ.ಮೀ.ಗೆ 800 ಪಲ್ಸ್ ಸಿಗುತ್ತದೆ, ಬಲವೂ ಜಾಸ್ತಿ. ಮೋಟಾರನ್ನು ಪಕ್ಕಕ್ಕೆ ಮಡಚಿ ಇಡಲೂ ಜಾಗ ಆಗುತ್ತದೆ. ಪ್ರೋಗ್ರಾಂನಲ್ಲಿ ಜಿ7 ಹಾಕಿದರೆ ಎಕ್ಸ್ ಅಂಕಿ ವ್ಯಾಸ, ಜಿ8 ಹಾಕಿದರೆ ತ್ರಿಜ್ಯ. ಯಾವಾಗಲೂ ಜಿ7 ಇಟ್ಟುಕೊಳ್ಳಿ. ಮೈಕ್ರೋಮೀಟರ್ ತೋರಿಸುವುದೂ ವ್ಯಾಸವನ್ನೇ ಅಲ್ವಾ?

ಆಕ್ಸೆಲರೇಶನ್, ವೇಗ ಎರಡನ್ನೂ ಮೋಟಾರ್ ನಿಲ್ಲುವ ತನಕ ಏರಿಸಿ ನೋಡಿ, ಆಮೇಲೆ ಅರ್ಧಕ್ಕೆ ಇಳಿಸಿ ಅಲ್ಲೇ ಬಿಡಿ.

*

ವೈರಿಂಗ್ ಬಗ್ಗೆ ಯಾರೂ ಬರೆದಿಲ್ಲ, ಅದಕ್ಕೆ ನಾನು ಸೇರಿಸುತ್ತೇನೆ. ಅಪಘಾತ ಆಗುವುದು ಇಲ್ಲೇ.

ಎಮರ್ಜೆನ್ಸಿ ಸ್ಟಾಪ್ ಕೆಂಪು ಬಟನ್ ಕೀಬೋರ್ಡ್ ಮೇಲಲ್ಲ, ಲೇತ್ ಮೇಲೆ ಇರಬೇಕು. ಕೈ ಚಕ್ ಮೇಲಿಂದ ದಾಟಿ ಹೋಗಬೇಕಾದ ಜಾಗದಲ್ಲಿ ಇಡಬೇಡಿ. ಅದು ಕಂಪ್ಯೂಟರ್‌ಗೆ ಸುದ್ದಿ ಕೊಟ್ಟರಷ್ಟೇ ಸಾಲದು. ಕಾಂಟ್ಯಾಕ್ಟರ್ (ಕಾಯಿಲ್‌ನಿಂದ ಎಳೆಯುವ ದೊಡ್ಡ ಸ್ವಿಚ್) ಮೂಲಕ ಸ್ಪಿಂಡಲ್ ಮೋಟಾರ್ ಮತ್ತು ಸ್ಟೆಪರ್ ಸಪ್ಲೈ ಎರಡನ್ನೂ ನೇರ ಕಡಿಯಬೇಕು. ಕರೆಂಟ್ ಹೋಗಿ ಬಂದರೆ ಕಾಂಟ್ಯಾಕ್ಟರ್ ತಾನಾಗಿ ಎತ್ತಿಕೊಳ್ಳಬಾರದು, ನೀವೇ ಸ್ಟಾರ್ಟ್ ಒತ್ತಬೇಕು. ಡ್ರೈವರ್ ಮತ್ತು ಸ್ಟೆಪರ್ ನಡುವಿನ ವೈರನ್ನು ಮಾತ್ರ ಕರೆಂಟ್ ಇರುವಾಗ ಎಂದೂ ಕಡಿಯಬೇಡಿ, ಡ್ರೈವರ್ ಸುಟ್ಟುಹೋಗುತ್ತದೆ.

ಓಟದ ಕೊನೆಯಲ್ಲಿ ನಿಲ್ಲಿಸುವ ಲಿಮಿಟ್ ಸ್ವಿಚ್ ಎಲ್ಲವೂ ನಾರ್ಮಲಿ ಕ್ಲೋಸ್ಡ್ (ಒತ್ತದಿದ್ದಾಗ ಕರೆಂಟ್ ಹರಿಯುವಂಥದ್ದು) ಆಗಿರಲಿ. ವೈರ್ ತುಂಡಾದರೂ ಲೇತ್ ನಿಲ್ಲುತ್ತದೆ. ಎನ್‌ಕೋಡರ್‌ಗೆ ಶೀಲ್ಡ್ ಕೇಬಲ್ ಹಾಕಿ, ಶೀಲ್ಡನ್ನು ಕಂಟ್ರೋಲರ್ ಕಡೆ ಒಂದೇ ತುದಿಯಲ್ಲಿ ಅರ್ತ್ ಮಾಡಿ. ಮೋಟಾರ್ ವೈರ್ ಜೊತೆ ಒಂದೇ ಪೈಪಿನಲ್ಲಿ ಓಡಿಸಬೇಡಿ. ಮುಂದೆ ತ್ರೀ ಫೇಸ್ ಮೋಟಾರ್ ಮತ್ತು ವಿಎಫ್‌ಡಿಗೆ (ಮೋಟಾರ್ ವೇಗ ಬದಲಿಸುವ ಡ್ರೈವ್) ಬದಲಾಯಿಸಿದರೆ ಈ ಎಚ್ಚರ ಇನ್ನೂ ಜಾಸ್ತಿ ಬೇಕು. ನನ್ನ ಗೆಳೆಯರೊಬ್ಬರ ಲೇತ್‌ನಲ್ಲಿ ವಿಎಫ್‌ಡಿ ಆನ್ ಆದರೆ ಸಾಕು, ಲಿಮಿಟ್ ಸ್ವಿಚ್ ಒತ್ತಿದ ಹಾಗೆ ತೋರಿಸುತ್ತಿತ್ತು. ಕೇಬಲ್ ಬೇರೆ ದಾರಿಯಲ್ಲಿ ಎಳೆದ ಮೇಲೆ ನಿಂತಿತು.

ಹ್ಯಾಂಡ್‌ವೀಲ್ ಉಳಿಸಿಕೊಂಡರೆ ಅದರ ಹಿಡಿಯನ್ನು ಬಿಚ್ಚಿ ಇಡಿ. ರ್‍ಯಾಪಿಡ್‌ನಲ್ಲಿ (ಟೂಲ್ ಕತ್ತರಿಸದೆ ವೇಗವಾಗಿ ಸರಿಯುವಾಗ) ಅದು ಗಿರ್ರನೆ ತಿರುಗುತ್ತದೆ, ಬೆರಳಿಗೆ ಬಡಿದರೆ ಕಷ್ಟ. ಪಾರದರ್ಶಕ ಗಾರ್ಡ್ ಒಂದು ಇರಲಿ. ಅಲ್ಯೂಮಿನಿಯಂ ಉದ್ದ ಸುರುಳಿಯಾಗಿ ಬಂದು ಚಕ್‌ಗೆ ಸುತ್ತಿಕೊಳ್ಳುತ್ತದೆ. ಅದನ್ನು ಕೈಯಲ್ಲಿ ಬಿಡಿಸಲು ಹೋಗದೆ, ಪ್ರೋಗ್ರಾಂನಲ್ಲೇ ನಡುನಡುವೆ ಫೀಡ್ ನಿಲ್ಲಿಸಿ ಸುರುಳಿ ತುಂಡಾಗುವ ಹಾಗೆ ಮಾಡಿ.

*

ಟೂಲ್ ಬಗ್ಗೆ ಒಂದೆರಡು ಮಾತು. ಒಂದೇ ಥರದ ಭಾಗಗಳು ಅಂದಿರಿ. ಹಾಗಾದರೆ ಗ್ಯಾಂಗ್ ಟೂಲಿಂಗ್ ನೋಡಿ. ಕ್ರಾಸ್ ಸ್ಲೈಡ್ ಮೇಲೆ ಟರ್ನಿಂಗ್ ಟೂಲ್, ಡ್ರಿಲ್, ಪಾರ್ಟಿಂಗ್ ಟೂಲ್ ಸಾಲಾಗಿ ಕೂರಿಸಿಬಿಡಿ. ಎಕ್ಸ್ ಸರಿದರೆ ಟೂಲ್ ಬದಲಾಯಿತು. ಏನನ್ನೂ ಬಿಚ್ಚಿ ಹಾಕಬೇಕಾಗಿಲ್ಲ, ಹಾಗಾಗಿ ಅಳತೆಯೂ ಅಲುಗುವುದಿಲ್ಲ. ಸಣ್ಣ ವ್ಯಾಸದ ಕೆಲಸಕ್ಕೆ ಇದಕ್ಕಿಂತ ಒಳ್ಳೆ ದಾರಿ ನಾನು ಕಂಡಿಲ್ಲ. ಎಕ್ಸ್ ಓಟ ಉದ್ದ ಬೇಕಾಗುತ್ತದೆ, ಆದ್ದರಿಂದ ಸ್ಕ್ರೂ ಕೊಳ್ಳುವ ಮುಂಚೆಯೇ ಇದನ್ನು ತೀರ್ಮಾನಿಸಿ. ಇನ್ಸರ್ಟ್ (ಟೂಲ್‌ಗೆ ಬಿಗಿಯುವ, ಬದಲಾಯಿಸಬಹುದಾದ ತುದಿ) ಹಾಕುವುದಾದರೆ ಸಿಸಿಜಿಟಿ ಥರದ ಹರಿತ ಅಂಚಿನದು, 0.2 ಅಥವಾ 0.4 ಮಿ.ಮೀ. ಮೂಗಿನ (ತುದಿಯ ದುಂಡಿನ) ತ್ರಿಜ್ಯ. ಹಗುರ ಲೇತ್‌ಗೆ ಒತ್ತಡ ಕಡಿಮೆ ಬೀಳುತ್ತದೆ.

ಪ್ರತಿ ಟೂಲ್‌ನಲ್ಲೂ ಒಂದು ರಾಡ್ ಮೇಲೆ ತೆಳು ಕಟ್ ತೆಗೆದು, ಎಕ್ಸ್ ಸರಿಸದೆ ಝಡ್‌ನಲ್ಲಿ ಮಾತ್ರ ಹಿಂದೆ ಬಂದು, ಅಳೆದ ವ್ಯಾಸವನ್ನು ಟೂಲ್ ಟೇಬಲ್‌ನಲ್ಲಿ ಕೊಡಿ. ಪ್ರೋಗ್ರಾಂ ಮೊದಲ ಸಲ ಓಡಿಸುವಾಗ ಚಕ್ ಖಾಲಿ ಇರಲಿ, ಫೀಡ್ ಏರಿಸಿ ಇಳಿಸುವ ಓವರ್‌ರೈಡ್ ಮೇಲೆ ಕೈ ಇರಲಿ. ಟೂಲ್ ತುದಿ ಚಕ್ ಜಾ ಹತ್ತಿರ ಎಲ್ಲಿಯವರೆಗೆ ಹೋಗುತ್ತದೆ ಅಂತ ಕಣ್ಣಾರೆ ನೋಡಿ, ಝಡ್ ಸಾಫ್ಟ್ ಲಿಮಿಟನ್ನು (ಸಾಫ್ಟ್‌ವೇರ್‌ನಲ್ಲಿ ಹಾಕುವ ಗಡಿ) ಅದಕ್ಕಿಂತ ಮುಂಚೆಯೇ ನಿಲ್ಲುವ ಹಾಗೆ ಹಾಕಿ.